ಬರಹಗಾರರ ತಲೆಯನ್ನು ಮಣ್ಣಿನಲ್ಲಿ ಕಟ್ಟುವ ಬಗೆ: ನವ್ಯ ವ್ಯಕ್ತಿಶಿಲ್ಪಕ್ಕೊಂದು ಕೈಪಿಡಿ

1924ರ ಮಾರ್ಚ್ ತಿಂಗಳಲ್ಲಿ ಶಿಲ್ಪಿ ಜೇಕಬ್ ಎಪ್‌ಸ್ಟೀನ್ ಇಂಗ್ಲೆಂಡಿನ ಕ್ಯಾಂಟರ್‌ಬರಿ ಬಳಿಯ ಬಿಷಪ್ಸ್‌ಬೋರ್ನ್ ಎಂಬ ಹಳ್ಳಿಗೆ ಹೋಗಿ, ಅಲ್ಲಿ ವಾಸವಾಗಿದ್ದ ಕಾದಂಬರಿಕಾರ ಜೋಸೆಫ್ ಕಾನ್ರಾಡ್ ಅವರ ಮನೆಯಲ್ಲೇ ಮಣ್ಣು ಹದ ಮಾಡಿಕೊಂಡು, 21 ದಿನ ಅವರ ತಲೆಯನ್ನು ಕಟ್ಟಿದರು. ಕಾನ್ರಾಡರಿಗೆ ಆಗ 66 ವರ್ಷ. ಕೀಲುನೋವು ಅವರನ್ನು ಹಣ್ಣು ಮಾಡಿತ್ತು. ಅದೇ ವರ್ಷ ಆಗಸ್ಟ್ 3ರಂದು ಅವರು ತೀರಿಕೊಂಡರು. ಆ ಮಣ್ಣಿನಿಂದ ಎರಕಗೊಂಡ ಕಂಚಿನ ಪ್ರತಿಗಳಲ್ಲೊಂದು ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ. ಅದರಲ್ಲಿ ಲೇಖನಿಯಾಗಲಿ, ಪುಸ್ತಕವಾಗಲಿ, ಅವರು ಹಡಗಿನಲ್ಲಿ ಕಳೆದ ವರ್ಷಗಳನ್ನು ಸೂಚಿಸುವ ಯಾವ ಗುರುತಾಗಲಿ ಇಲ್ಲ. ಕಣ್ಣಿನ ಮೇಲೆ ಭಾರವಾಗಿ ಇಳಿದ ರೆಪ್ಪೆ, ದವಡೆಯಿಂದ ಮುಂದಕ್ಕೆ ಚಾಚಿಕೊಂಡ ಗಡ್ಡ, ದಣಿದಿದ್ದರೂ ಬಾಗಲು ಒಪ್ಪದ ಕತ್ತು ಇಷ್ಟೇ ಇವೆ. ಶಿಲ್ಪಿಯು ಮಣ್ಣಿನ ಸಣ್ಣ ಉಂಡೆಗಳನ್ನು ಬೆರಳಿನಿಂದ ಒತ್ತಿದ ಗುರುತುಗಳು ಕಂಚಿನಲ್ಲಿಯೂ ಒತ್ತಿದಂತೆಯೇ ಉಳಿದಿವೆ.

ಈ ಕೈಪಿಡಿಯುದ್ದಕ್ಕೂ ಆ ತಲೆಯನ್ನೇ ಎದುರಿಗಿಟ್ಟುಕೊಂಡು ಮಾತನಾಡುತ್ತೇನೆ. ನಮ್ಮ ಊರುಗಳ ವೃತ್ತಗಳಲ್ಲಿ, ಗ್ರಂಥಾಲಯಗಳ ಅಂಗಳದಲ್ಲಿ ಸಾಹಿತಿಗಳ ಪುತ್ಥಳಿಗಳು ಸಾಕಷ್ಟಿವೆ. ಅವುಗಳಲ್ಲಿ ಹೆಚ್ಚಿನವು ಕನ್ನಡಕ, ಶಾಲು, ಟೋಪಿಗಳಿಂದ ಗುರುತು ಸಿಗುತ್ತವೆಯೇ ಹೊರತು ತಲೆಯಿಂದಲ್ಲ. ಕನ್ನಡಕವನ್ನು ತೆಗೆದರೂ ಇವರು ಇವರೇ ಎಂದು ಹೇಳುವಂತಿದ್ದರೆ ಮಾತ್ರ ಶಿಲ್ಪಿಯ ಕೆಲಸ ನಡೆದಿದೆ ಎಂದು ನಾನು ನಂಬಿದ್ದೇನೆ. ಆ ಹೋಲಿಕೆ ಬರುವುದು ತಲೆಬುರುಡೆಯ ದೊಡ್ಡ ರಾಶಿಗಳು, ಅಂದರೆ ದೊಡ್ಡ ದೊಡ್ಡ ಗಟ್ಟಿ ಭಾಗಗಳು, ಒಂದರ ಮೇಲೊಂದು ಕೂರುವ ರೀತಿಯಿಂದ ಮತ್ತು ಕತ್ತು ಆ ಭಾರವನ್ನು ಹೊತ್ತಿರುವ ಬಗೆಯಿಂದ. ಮೂಗು, ಕಣ್ಣು, ತುಟಿಗಳು ಅದನ್ನು ಗಟ್ಟಿಗೊಳಿಸುತ್ತವೆ, ಅಷ್ಟೇ.

ಕೂರುವವರು ಮತ್ತು ಕೂರದವರು

ಬದುಕಿರುವ ಲೇಖಕರಾದರೆ ಮೊದಲು ಅವರ ಒಪ್ಪಿಗೆ ಪಡೆಯಿರಿ. ಒಂದೂವರೆ ಗಂಟೆಯಂತೆ ಹತ್ತು ಬೈಠಕ್ಕುಗಳನ್ನು ಕೇಳಿಕೊಳ್ಳಿ. ಅಲುಗಾಡದೆ ಕೂರಬೇಕೆಂದು ಎಂದಿಗೂ ಹೇಳಬೇಡಿ. ಅಲುಗಾಡದೆ ಕೂತ ಮನುಷ್ಯನ ಮುಖದ ಸ್ನಾಯುಗಳು ಸಡಿಲಗೊಂಡು, ಅದು ಪಾಸ್‌ಪೋರ್ಟ್ ಫೋಟೋದ ಮುಖವಾಗುತ್ತದೆ. ಅವರು ಓದಲಿ, ಪ್ರೂಫ್ ತಿದ್ದಲಿ, ಮನೆಯವರೊಡನೆ ಮಾತನಾಡಲಿ. ನೀವು ಸುತ್ತ ಓಡಾಡಿಕೊಂಡು ಕೆಲಸ ಮಾಡಿ. ಬರೆಯುವವರ ಮುಖ ತನ್ನ ನಿಜವಾದ ಆಕಾರಕ್ಕೆ ಬರುವುದು, ಅವರು ನಿಮ್ಮನ್ನು ಮರೆತು ಒಂದು ಪದಕ್ಕಾಗಿ ತಡೆದು ನಿಂತ ಗಳಿಗೆಯಲ್ಲಿ. ಆಗ ಹುಬ್ಬುಗಳ ನಡುವಿನ ಭಾಗ ಹೇಗೆ ಒಳಸರಿಯುತ್ತದೆ, ತುಟಿಯ ಯಾವ ಮೂಲೆ ಮೊದಲು ಬಿಗಿಯುತ್ತದೆ ಎಂಬುದನ್ನು ಗಮನಿಸಿ ಬರೆದಿಟ್ಟುಕೊಳ್ಳಿ.

ಕೂರಲು ಒಪ್ಪದವರೂ ಇರುತ್ತಾರೆ. 1883ರಲ್ಲಿ ಫ್ರೆಂಚ್ ಶಿಲ್ಪಿ ರೋಡ್ಯಾ ಅವರು ಸಾಹಿತಿ ವಿಕ್ಟರ್ ಹ್ಯೂಗೋ ಅವರ ತಲೆಯನ್ನು ಮಾಡಲು ಹೋದಾಗ, ಬೇರೊಬ್ಬ ಶಿಲ್ಪಿಗಾಗಿ ಹತ್ತಾರು ಸಲ ಕೂತು ಬೇಸತ್ತಿದ್ದ ಹ್ಯೂಗೋ ಮತ್ತೆ ಕೂರಲು ಒಪ್ಪಲಿಲ್ಲ. ಮನೆಗೆ ಬಂದು ನೋಡಿಕೊಳ್ಳಲು ಮಾತ್ರ ಅನುಮತಿ ಕೊಟ್ಟರು. ರೋಡ್ಯಾ ಊಟದ ಮೇಜಿನಲ್ಲಿ ಅವರನ್ನು ದಿಟ್ಟಿಸಿ, ಸಿಗರೇಟು ಸುತ್ತುವ ತೆಳು ಕಾಗದದ ಮೇಲೆ ಚಿಕ್ಕ ಚಿಕ್ಕ ರೇಖಾಚಿತ್ರಗಳನ್ನು ಗೀಚಿಕೊಂಡು, ಆ ನೆನಪು ಮಾಸುವ ಮೊದಲೇ ಜಗಲಿಯಲ್ಲಿಟ್ಟಿದ್ದ ಮಣ್ಣಿನ ಬಳಿಗೆ ಓಡುತ್ತಿದ್ದರು. ಇದನ್ನು ಅಭ್ಯಾಸವಾಗಿಯೇ ಮಾಡಿ ನೋಡಿ. ವ್ಯಕ್ತಿಯನ್ನು ಒಂದು ಕೋಣೆಯಲ್ಲಿಯೂ ಮಣ್ಣನ್ನು ಇನ್ನೊಂದು ಕೋಣೆಯಲ್ಲಿಯೂ ಇಟ್ಟುಕೊಂಡು ಕೆಲಸ ಮಾಡಿದರೆ, ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಮುಖ್ಯವಲ್ಲದ್ದು ಮನಸ್ಸಿನಿಂದ ತಾನಾಗಿ ಉದುರಿಹೋಗುತ್ತದೆ.

ತೀರಿಕೊಂಡ ಲೇಖಕರ ತಲೆ ಮಾಡುವುದು ಇನ್ನೂ ಕಷ್ಟ. 1850ರಲ್ಲಿ ತೀರಿಕೊಂಡಿದ್ದ ಫ್ರೆಂಚ್ ಕಾದಂಬರಿಕಾರ ಬಾಲ್ಜಾಕ್ ಅವರ ಸ್ಮಾರಕವನ್ನು ಮಾಡಿಕೊಡಲು ರೋಡ್ಯಾ 1891ರಲ್ಲಿ ಒಪ್ಪಿಕೊಂಡಾಗ, ಹಳೆಯ ಚಿತ್ರಗಳಷ್ಟನ್ನೇ ನಂಬಿ ಕೂರಲಿಲ್ಲ. ಬಾಲ್ಜಾಕ್ ಹುಟ್ಟಿದ ತೂರೇನ್ ಪ್ರಾಂತ್ಯಕ್ಕೆ ಹೋಗಿ, ಅದೇ ಬಗೆಯ ಮುಖವಿರುವ ಜನರನ್ನು ಹುಡುಕಿ, ಅವರ ತಲೆಗಳನ್ನು ಮಣ್ಣಿನಲ್ಲಿ ಮಾಡಿದರು. ಬಾಲ್ಜಾಕ್ ಅವರ ದರ್ಜಿಯಿಂದ ಅವರ ಅಳತೆಯ ಬಟ್ಟೆಯನ್ನೂ ಹೊಲಿಸಿದರು. ನೀವು ಕನ್ನಡದ ಹಿರಿಯ ಲೇಖಕರೊಬ್ಬರ ತಲೆಯನ್ನು ಮಾಡುವುದಾದರೆ ಇದೇ ದಾರಿ ಹಿಡಿಯಿರಿ. ಅವರ ಮಕ್ಕಳು, ಮೊಮ್ಮಕ್ಕಳು, ಸೋದರಳಿಯಂದಿರನ್ನು ಕಂಡು, ತಲೆಬುರುಡೆಯ ಹಿಂಭಾಗ, ಕಿವಿಯ ಕೋನ, ದವಡೆಯ ಮೂಲೆಗಳನ್ನು ನೋಡಿ. ಫೋಟೋಗಳು ಇವುಗಳನ್ನು ಬಹುತೇಕ ತೋರಿಸುವುದಿಲ್ಲ, ಆದರೆ ರಕ್ತಸಂಬಂಧಿಗಳಲ್ಲಿ ಇವು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ.

ನೀವೇ ಫೋಟೋ ತೆಗೆಯುವುದಾದರೆ ಕನಿಷ್ಠ ಎರಡೂವರೆ ಮೀಟರ್ ದೂರದಿಂದ, ಕ್ಯಾಮೆರಾವನ್ನು ಕಣ್ಣಿನ ಎತ್ತರದಲ್ಲಿ ಹಿಡಿದು, ಜೂಮ್ ಮಾಡಿ ತೆಗೆಯಿರಿ. ಹತ್ತಿರದಿಂದ ಮೊಬೈಲಿನಲ್ಲಿ ತೆಗೆದ ಚಿತ್ರದಲ್ಲಿ ಮೂಗು ಉಬ್ಬಿ, ಕಿವಿಗಳು ಹಿಂದೆ ಅಡಗುತ್ತವೆ. ಆ ತಪ್ಪು ನೇರವಾಗಿ ಮಣ್ಣಿಗೆ ಇಳಿಯುತ್ತದೆ. ಸುತ್ತಲೂ ಎಂಟು ದಿಕ್ಕಿನಿಂದ ತೆಗೆದುಕೊಂಡು, ಜೊತೆಗೆ ನೆತ್ತಿಯ ಮೇಲಿನಿಂದ ಒಂದು ಮತ್ತು ಗಲ್ಲದ ಕೆಳಗಿನಿಂದ ಒಂದು ಚಿತ್ರ ತೆಗೆಯಿರಿ. ಈ ಕೊನೆಯ ಎರಡನ್ನು ಯಾರೂ ತೆಗೆಯುವುದಿಲ್ಲ, ಕೆಲಸದ ನಡುವೆ ಅತಿ ಹೆಚ್ಚು ಬೇಕಾಗುವುದು ಅವೇ.

ಒಳಗಂಬಿ ಮತ್ತು ಮಣ್ಣು

ಸಹಜ ಗಾತ್ರದ ತಲೆಗೆ ಕತ್ತೂ ಸೇರಿ 15ರಿಂದ 20 ಕಿಲೋ ಮಣ್ಣು ಬೇಕಾಗುತ್ತದೆ. ಇಷ್ಟು ಭಾರವನ್ನು ಒಳಗಿನಿಂದ ಹೊತ್ತು ನಿಲ್ಲುವ ಅಸ್ಥಿಪಂಜರವೇ ಒಳಗಂಬಿ, ಶಿಲ್ಪಿಗಳು ಅದನ್ನು ಆರ್ಮೇಚರ್ ಎನ್ನುತ್ತಾರೆ. 40 ಸೆಂಟಿಮೀಟರ್ ಚದರದ ದಪ್ಪ ಪ್ಲೈವುಡ್ ಹಲಗೆಗೆ ಅಡಿಯಲ್ಲಿ ಎರಡು ಪಟ್ಟಿ ಹೊಡೆದು, ನಡುವೆ ಪೈಪನ್ನು ಹಿಡಿದು ನಿಲ್ಲಿಸುವ ಲೋಹದ ಬಿಲ್ಲೆಯಾದ ಫ್ಲ್ಯಾಂಜ್ ಕೂರಿಸಿ, ಮುಕ್ಕಾಲು ಇಂಚಿನ ಜಿ.ಐ. ಪೈಪನ್ನು ನೆಟ್ಟಗೆ ನಿಲ್ಲಿಸಿ. ಪೈಪಿನ ತುದಿಯು ನೆತ್ತಿ ಬರಬೇಕಾದ ಎತ್ತರಕ್ಕಿಂತ ಆರೇಳು ಸೆಂಟಿಮೀಟರ್ ಕೆಳಗೇ ಇರಲಿ. ದಪ್ಪ ಅಲ್ಯುಮಿನಿಯಂ ತಂತಿಯನ್ನು ಹಳೆಯ ಗುಂಡು ಬಲ್ಬಿನ ಆಕಾರಕ್ಕೆ ಬಾಗಿಸಿ, ಒಂದಕ್ಕೊಂದು ಅಡ್ಡಲಾಗಿ ಎರಡು ಕುಣಿಕೆಗಳನ್ನು ಪೈಪಿಗೆ ಬಿಗಿಯಾಗಿ ಕಟ್ಟಿ. ಮನುಷ್ಯನ ಕತ್ತು ಭುಜದಿಂದ ನೆಟ್ಟಗೆ ಏಳುವುದಿಲ್ಲ, ಮುಂದಕ್ಕೆ ವಾಲಿಕೊಂಡು ಏಳುತ್ತದೆ. ಆದ್ದರಿಂದ ಕುಣಿಕೆಗಳು ಪೈಪಿಗಿಂತ ಒಂದೆರಡು ಬೆರಳು ಮುಂದಕ್ಕೆ ಚಾಚಿರಬೇಕು. ಇಲ್ಲವಾದರೆ ಐದನೆಯ ದಿನ ಹಿಂಗತ್ತಿನ ಮಣ್ಣು ಕೆರೆಯುವಾಗ ಪೈಪು ಹೊರಗೆ ಇಣುಕುತ್ತದೆ, ಆಗ ಮಾಡುವುದಕ್ಕೆ ಏನೂ ಇರುವುದಿಲ್ಲ.

ಕುಣಿಕೆಗಳ ಒಳಗೆ ಚಿಟ್ಟೆಗಳನ್ನು ತೂಗಿಬಿಡಿ. ಬೆರಳುದ್ದದ ಎರಡು ಕಡ್ಡಿಗಳನ್ನು ಅಡ್ಡಕ್ಕಿಟ್ಟು ತಂತಿಯಿಂದ ಬಿಗಿದು, ಅದೇ ತಂತಿಯಲ್ಲಿ ನೇತುಹಾಕುವ ಈ ಸಣ್ಣ ಶಿಲುಬೆಗಳನ್ನು ಚಿಟ್ಟೆ ಎನ್ನುತ್ತಾರೆ. ಮಣ್ಣು ತನ್ನ ಭಾರಕ್ಕೆ ಕೆಳಗೆ ಜಾರದಂತೆ ಅವು ಹಿಡಿದಿರುತ್ತವೆ. ನಾನು ಕಲಿಯುತ್ತಿದ್ದಾಗ ಅವಸರದಲ್ಲಿ ಚಿಟ್ಟೆಗಳಿಲ್ಲದೆ ಒಂದು ತಲೆಯನ್ನು ಕಟ್ಟಿ, ಒದ್ದೆ ಬಟ್ಟೆ ಹೊದಿಸಿ ಮನೆಗೆ ಹೋಗಿದ್ದೆ. ಬೆಳಗ್ಗೆ ಬಂದು ನೋಡಿದರೆ ಗಲ್ಲ ಹಲಗೆಯ ಮೇಲಿತ್ತು, ಹಣೆ ಇದ್ದ ಜಾಗದಲ್ಲಿ ಬರಿಯ ತಂತಿಯಿತ್ತು. ಎಂಟು ದಿನಗಳ ಕೆಲಸ ಹಾಗೆ ಕಳೆದುಹೋಯಿತು. ಆ ಎಂಟು ದಿನ ನನ್ನ ಎದುರು ತಾಳ್ಮೆಯಿಂದ ಕೂತಿದ್ದ ವಯಸ್ಸಾದವರಿಗೆ ವಿಷಯ ತಿಳಿಸಬೇಕಾದಾಗ ಪಟ್ಟ ಸಂಕಟ ಇಂದಿಗೂ ನೆನಪಿದೆ.

ಮಣ್ಣು ಎಂದರೆ ಗಣಪತಿ ಮಾಡುವವರು ಬಳಸುವ ಕೆರೆಯ ಜೇಡಿಮಣ್ಣೇ ಸಾಕು. ಅದನ್ನು ನೀರಿನಲ್ಲಿ ನೆನೆಸಿ, ಜರಡಿಯಲ್ಲಿ ಸೋಸಿ, ಗೋಣಿಯ ಮೇಲೆ ಆರಹಾಕಿ, ಚಪಾತಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿಯಾಗುವವರೆಗೆ ತುಳಿದು ನಾದಿ. ಬೆರಳಿಗೆ ಅಂಟದೆ, ಒತ್ತಿದ ಗುರುತನ್ನು ಬಿರಿಯದೆ ಉಳಿಸಿಕೊಂಡರೆ ಹದ ಬಂದಿದೆ. ದಿನದ ಕೊನೆಗೆ ಒದ್ದೆ ಬಟ್ಟೆ ಹೊದಿಸಿ, ಮೇಲೆ ಪ್ಲಾಸ್ಟಿಕ್ ಚೀಲವನ್ನು ಗಾಳಿಯಾಡದಂತೆ ಕಟ್ಟಿ. ಬಟ್ಟೆಯು ಮೂಗಿಗೆ, ಕಿವಿಗೆ ತಾಗಿ ಅವನ್ನು ತಿನ್ನದಂತೆ ನಾಲ್ಕು ಕಡ್ಡಿ ಚುಚ್ಚಿ ದೂರವಿಡಿ.

ದೊಡ್ಡ ರಾಶಿಗಳು

ಮೊದಲ ಎರಡು ಬೈಠಕ್ಕುಗಳಲ್ಲಿ ಕಣ್ಣು, ಮೂಗು, ಬಾಯಿಗಳನ್ನು ಮುಟ್ಟಬಾರದು. ಬುರುಡೆ ಎಂಬ ಮೊಟ್ಟೆಯಾಕಾರದ ಒಂದು ರಾಶಿ, ಅದರ ಮುಂದೆ ಕೆಳಗೆ ತೂಗುವ ಮುಖ ಮತ್ತು ದವಡೆಯ ಬೆಣೆ, ಇವೆರಡನ್ನೂ ಹೊತ್ತ ಓರೆ ಕಂಬದಂತಹ ಕತ್ತು, ಈ ಮೂರನ್ನೇ ಇಡಿ. ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ತಲೆಯ ಹಿಂಭಾಗವನ್ನು ಚಿಕ್ಕದು ಮಾಡುವುದು. ನಮ್ಮ ಕಣ್ಣು ಮುಖಕ್ಕೆ ಸೋಲುವುದರಿಂದ ಬುರುಡೆಯನ್ನು ಮರೆಯುತ್ತೇವೆ. ಆದರೆ ಪಕ್ಕದಿಂದ ನೋಡಿದರೆ ಹುಬ್ಬಿನಿಂದ ಹಿಂದಲೆಯವರೆಗಿನ ಆಳವು ಗಲ್ಲದಿಂದ ನೆತ್ತಿಯವರೆಗಿನ ಎತ್ತರಕ್ಕೆ ಹೆಚ್ಚು ಕಡಿಮೆ ಸಮೀಪಕ್ಕೇ ಬರುತ್ತದೆ, ಮತ್ತು ಕಿವಿಯ ರಂಧ್ರವು ಆ ಆಳದ ನಡುಭಾಗಕ್ಕಿಂತ ತುಸು ಹಿಂದಿರುತ್ತದೆ. ಕಣ್ಣುಗಳು ಇರುವುದು ತಲೆಯ ಎತ್ತರದ ಸರಿ ಅರ್ಧದಲ್ಲಿ. ಇದನ್ನು ಓದಿ ತಲೆಯಾಡಿಸುವವರು ಸಹ ಮಣ್ಣಿನ ಮುಂದೆ ನಿಂತಾಗ ಕಣ್ಣನ್ನು ಮೇಲಕ್ಕೆ ಏರಿಸಿ, ಹಣೆಯನ್ನು ಗಿಡ್ಡ ಮಾಡಿಬಿಡುತ್ತಾರೆ.

ಎರಡು ಬಾಗಿದ ಕಾಲುಗಳ ನಡುವೆ ದೂರ ಅಳೆಯುವ ಕ್ಯಾಲಿಪರಿನಿಂದ ಆರೇಳು ಅಳತೆಗಳನ್ನು ಮಾತ್ರ ತೆಗೆದುಕೊಳ್ಳಿ: ಒಂದು ಕಿವಿಯ ರಂಧ್ರದಿಂದ ಇನ್ನೊಂದಕ್ಕೆ ಅಡ್ಡಗಲ, ಕಿವಿಯ ರಂಧ್ರದಿಂದ ಗಲ್ಲದ ತುದಿಗೆ, ಮೂಗಿನ ಬುಡಕ್ಕೆ, ಹುಬ್ಬುಗಳ ನಡುವಿಗೆ, ಹಿಂದಲೆಯ ಉಬ್ಬಿಗೆ, ಆಮೇಲೆ ಕೆನ್ನೆಮೂಳೆಗಳ ನಡುವಿನ ಅಗಲ. ಈ ಬಿಂದುಗಳಲ್ಲಿ ಬೆಂಕಿಕಡ್ಡಿಗಳನ್ನು ಚುಚ್ಚಿ ನಿಲ್ಲಿಸಿದರೆ ಅವು ತಪ್ಪಿದಾಗಲೆಲ್ಲ ಎಚ್ಚರಿಸುತ್ತವೆ. ಇದಕ್ಕಿಂತ ಹೆಚ್ಚು ಅಳೆಯಲು ಹೋದರೆ ಕಣ್ಣು ಸೋಮಾರಿಯಾಗುತ್ತದೆ.

ಆಮೇಲಿನ ಕೆಲಸವೆಲ್ಲ ಅಂಚುರೇಖೆಗಳದ್ದು. ರೋಡ್ಯಾ ಅನುಸರಿಸುತ್ತಿದ್ದ ಕ್ರಮ ಇದೇ: ವ್ಯಕ್ತಿಯನ್ನೂ ಮಣ್ಣನ್ನೂ ಒಂದೇ ಕೋನದಲ್ಲಿಟ್ಟು, ಆ ಕೋನದಿಂದ ಕಾಣುವ ಹೊರ ಅಂಚನ್ನು ಸರಿಪಡಿಸಿ, ಇಬ್ಬರನ್ನೂ ಸ್ವಲ್ಪ ತಿರುಗಿಸಿ, ಮುಂದಿನ ಅಂಚನ್ನು ನೋಡುವುದು. ತಿರುಗುಪೀಠವನ್ನು ಸುಮಾರು 15 ಡಿಗ್ರಿಯಷ್ಟು ತಿರುಗಿಸುತ್ತಾ ಹೋದರೆ ಒಂದು ಸುತ್ತಿಗೆ 24 ಅಂಚುಗಳು ಸಿಗುತ್ತವೆ. ಹೀಗೆ ಮೂರು ಸುತ್ತು ಬಂದಾಗ, ಇನ್ನೂ ಕಣ್ಣೇ ಇಲ್ಲದ ಆ ಮಣ್ಣಿನ ಗಡ್ಡೆ ನೀವು ಕೂರಿಸಿಕೊಂಡ ವ್ಯಕ್ತಿಯಂತೆ ಕಾಣತೊಡಗುತ್ತದೆ. ಕೋಣೆಯ ಇನ್ನೊಂದು ತುದಿಯಿಂದ, ಬೆಳಕಿಗೆ ಎದುರಾಗಿ ನೋಡಿ. ಬರಿಯ ಕಪ್ಪು ನೆರಳಿನಲ್ಲಿಯೇ ಗುರುತು ಸಿಗಬೇಕು. ಸಿಗದಿದ್ದರೆ ಮುಂದಕ್ಕೆ ಹೋಗಬೇಡಿ. ಎಪ್‌ಸ್ಟೀನ್ ಮಾಡಿದ ಕಾನ್ರಾಡರ ತಲೆಯನ್ನು ನೆರಳಾಗಿ ಕಲ್ಪಿಸಿಕೊಂಡರೆ ಈ ಮಾತು ತಿಳಿಯುತ್ತದೆ. ಚೂಪಾದ ಗಡ್ಡ, ಎದ್ದ ಮೂಗು, ಹಿಂದಕ್ಕೆ ಜಾರಿದ ಹಣೆ, ಕೋಟಿನ ಕಾಲರಿನಿಂದ ಮೇಲೆದ್ದ ಕತ್ತು ಇವಷ್ಟೇ ಸಾಕು.

ಕತ್ತಿನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ದಶಕಗಳ ಕಾಲ ಮೇಜಿನ ಮೇಲೆ ಬಾಗಿದವರ ಕತ್ತು ಒಂದು ಬಗೆಯಲ್ಲಿ ರೂಢಿಯಾಗಿರುತ್ತದೆ. ಕೆಲವರಲ್ಲಿ ತಲೆ ಮುಂದಕ್ಕೆ ಬಂದು ಹಿಂಗತ್ತಿನಲ್ಲಿ ದಿಬ್ಬವೇಳುತ್ತದೆ. ಕೆಲವರಲ್ಲಿ ತಲೆ ಒಂದು ಪಕ್ಕಕ್ಕೆ ವಾಲಿ, ಆ ಕಡೆಯ ಭುಜ ತುಸು ಮೇಲಿರುತ್ತದೆ. ಶಿಲ್ಪಿ ರಾಮ್‌ಕಿಂಕರ್ ಬೈಜ್ ಶಾಂತಿನಿಕೇತನದಲ್ಲಿ ರವೀಂದ್ರನಾಥ ಠಾಕೂರರ ಕೊನೆಯ ದಿನಗಳಲ್ಲಿ ಮಾಡಿದ ತಲೆಯು ಕೆಳಗೆ ಬಾಗಿದೆ. ಫೋಟೋಗಳಲ್ಲಿ ನಾವು ಕಂಡು ಅಭ್ಯಾಸವಾಗಿರುವ ನೆಟ್ಟಗಿನ ಋಷಿಮುಖ ಅಲ್ಲಿಲ್ಲ. ಹಣೆ ಮುಂದಕ್ಕೆ ಭಾರವಾಗಿ ಬಂದು, ಗಡ್ಡವು ಎದೆಯ ಕಡೆಗೆ ಇಳಿದು, ಇಡೀ ತಲೆ ತನ್ನ ತೂಕವನ್ನು ತಾನೇ ಹೊರುತ್ತಿರುವಂತೆ ಕಾಣುತ್ತದೆ. 1926ರಲ್ಲಿ ಎಪ್‌ಸ್ಟೀನ್ ಸಹ ಠಾಕೂರರ ತಲೆಯನ್ನು ಮಾಡಿದ್ದರು. ಒಬ್ಬನೇ ಕವಿಯ ಈ ಎರಡು ತಲೆಗಳ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಒಂದು ತಿಂಗಳ ಪಾಠಕ್ಕೆ ಸಮ. ನೀವು ತಲೆಯನ್ನು ಯಾವ ಕೋನದಲ್ಲಿ ಕೂರಿಸುತ್ತೀರೆಂಬುದನ್ನು ಎರಡನೆಯ ದಿನವೇ ತೀರ್ಮಾನಿಸಿ. ಮಣ್ಣು ಮೃದುವಾಗಿರುವಾಗ ಎರಡೂ ಕೈಯಿಂದ ಹಿಡಿದು, ಒಳಗಂಬಿಯ ಸಮೇತ ಓರೆ ಮಾಡಬಹುದು, ಆಮೇಲೆ ಆಗುವುದಿಲ್ಲ.

ಕಣ್ಣು, ಗಡ್ಡ, ಮೇಲ್ಮೈ

ಕಣ್ಣುಗುಡ್ಡೆ ಒಂದು ಗೋಳ. ಅದನ್ನು ಮೊದಲು ಗೋಳವಾಗಿಯೇ ಗುಳಿಯಲ್ಲಿ ಕೂರಿಸಿ, ಆಮೇಲೆ ರೆಪ್ಪೆಗಳನ್ನು ಮಣ್ಣಿನ ಪಟ್ಟಿಗಳಾಗಿ ಅದರ ಮೇಲೆ ಹೊದಿಸಿ. ಬಾದಾಮಿಯಾಕಾರವನ್ನು ಮುಖದ ಮೇಲೆ ಗೀಚಿದರೆ ಕಣ್ಣು ಸ್ಟಿಕ್ಕರಿನಂತಾಗುತ್ತದೆ. ಕಂಚಿಗೆ ಬಣ್ಣವಿಲ್ಲದ್ದರಿಂದ ಪಾಪೆಯ ಕಪ್ಪನ್ನು ನೆರಳಿನಿಂದಲೇ ಬರಿಸಬೇಕು. ಹದಿನೆಂಟನೆಯ ಶತಮಾನದಲ್ಲಿಯೇ ಊಡಾನ್ ಎಂಬ ಫ್ರೆಂಚ್ ಶಿಲ್ಪಿ ವಾಲ್ಟೇರ್ ಅವರ ತಲೆಯಲ್ಲಿ ಇದಕ್ಕೊಂದು ಉಪಾಯ ಮಾಡಿದ್ದರು. ಪಾಪೆಯ ಜಾಗವನ್ನು ಆಳವಾಗಿ ತೋಡಿ, ಮೇಲಂಚಿನಲ್ಲಿ ಒಂದು ಸಣ್ಣ ತುಣುಕನ್ನು ಹಾಗೆಯೇ ಉಳಿಸುವುದು. ಸುತ್ತಲಿನ ನೆರಳಿನ ನಡುವೆ ಆ ತುಣುಕು ಬೆಳಕು ಹಿಡಿದು ಕಣ್ಣು ಮಿನುಗಿದಂತೆ ಕಾಣುತ್ತದೆ. ನವ್ಯ ಶಿಲ್ಪಿಗಳು ಇದನ್ನು ಒರಟಾಗಿಸಿದರು. ಕಾನ್ರಾಡರಂತಹ ತಲೆಯಲ್ಲಿ ರೆಪ್ಪೆಯ ತೂಕವೇ ನೋಟವಾಗುತ್ತದೆ, ಪಾಪೆ ಅದರಡಿಯ ನೆರಳಿನಲ್ಲಿ ಇರುತ್ತದೆ. ನಿಮ್ಮ ಲೇಖಕರು ಕನ್ನಡಕ ಧರಿಸುವವರಾದರೆ ಅದನ್ನು ಬಿಟ್ಟುಬಿಡಲು ನಾನು ಒತ್ತಾಯಿಸುತ್ತೇನೆ. ಕುಟುಂಬದವರು ಒಪ್ಪದಿದ್ದರೆ ಗಾಜಿಲ್ಲದ ಬರಿಯ ಚೌಕಟ್ಟನ್ನು ಕೊನೆಯಲ್ಲಿ ಲೋಹದಲ್ಲಿ ಸೇರಿಸಬಹುದು. ಆದರೆ ಮೂಗಿನ ಮೇಲೆ ಕನ್ನಡಕ ಬಹುಕಾಲ ಒತ್ತಿ ಉಂಟಾದ ಎರಡು ತಗ್ಗುಗಳನ್ನು ಮರೆಯದೆ ಮಾಡಿ.

ಕೂದಲನ್ನೂ ಗಡ್ಡವನ್ನೂ ಎಳೆಯೆಳೆಯಾಗಿ ಗೀರಬೇಡಿ. ಅವು ಮುಖದಷ್ಟೇ ಗಟ್ಟಿಯಾದ ರಾಶಿಗಳು. ಗಡ್ಡದ ಒಳಗೆ ದವಡೆ ಎಲ್ಲಿದೆ ಎಂಬುದು ತಿಳಿದಿರಬೇಕು, ಅದಕ್ಕಾಗಿ ಮೊದಲು ಗಡ್ಡವಿಲ್ಲದ ದವಡೆಯನ್ನು ಕಟ್ಟಿ, ಆಮೇಲೆ ಅದರ ಮೇಲೆ ಗಡ್ಡವನ್ನು ಏರಿಸಿ.

ಮೇಲ್ಮೈ ಎಂಬುದು ನವ್ಯ ತಲೆಯ ಜೀವ. ಮಣ್ಣನ್ನು ಬಟಾಣಿ ಗಾತ್ರದ ಉಂಡೆಗಳಾಗಿ ಇಡಿ, ಹೆಬ್ಬೆರಳಿನಿಂದ ಒಂದೇ ಸಲ ಒತ್ತಿ, ಕೈ ತೆಗೆಯಿರಿ. ಪ್ರತಿ ಒತ್ತು ಅಡಿಯಲ್ಲಿರುವ ಮೂಳೆಯ ದಿಕ್ಕನ್ನು ಹೇಳುವಂತಿರಲಿ. ಕೆನ್ನೆಮೂಳೆಯ ಮೇಲೆ ಒತ್ತುಗಳು ಕಿವಿಯ ಕಡೆಗೆ ಹರಿಯಲಿ, ಹಣೆಯಲ್ಲಿ ಅಡ್ಡಕ್ಕೆ, ಕೆನ್ನೆಯ ಗುಳಿಯಲ್ಲಿ ಕೆಳಕ್ಕೆ. ಇದರ ಹಿಂದೆ ಒಂದು ಕಾರಣವಿದೆ. ಒಣ ಮಣ್ಣು ಮಬ್ಬು ಬಣ್ಣದ್ದು, ಬೆಳಕನ್ನು ಎಲ್ಲ ಕಡೆಗೂ ಸಮನಾಗಿ ಚೆಲ್ಲುತ್ತದೆ. ಕಂಚು ಕಪ್ಪಗಿದ್ದು ಬೆಳಕನ್ನು ಚುಕ್ಕೆಗಳಾಗಿ ಹೊಳೆಯಿಸುತ್ತದೆ. ನುಣ್ಣಗಿನ ತಲೆ ಕಂಚಿಗೆ ಹೋದಾಗ ಕೆನ್ನೆಯ ಮೇಲೆ ಒಂದು ದೊಡ್ಡ ಹೊಳಪು ಕೂತು, ಆಕಾರವೇ ಕಾಣದಂತಾಗುತ್ತದೆ. ಒರಟು ಮೇಲ್ಮೈಯಲ್ಲಿ ಅದೇ ಬೆಳಕು ನೂರು ಚೂರುಗಳಾಗಿ ಒಡೆದು, ಚರ್ಮದ ಅಡಿಯಲ್ಲಿ ಏನೋ ಚಲಿಸಿದಂತೆ ತೋರುತ್ತದೆ. ಆದ್ದರಿಂದ ಮಣ್ಣಿನಲ್ಲಿ ಗುಳಿಗಳನ್ನು ಕಣ್ಣಿಗೆ ಸರಿ ಎನಿಸುವುದಕ್ಕಿಂತ ತುಸು ಆಳವಾಗಿಯೇ ತೋಡಿ.

ಕೊನೆಯ ಬೈಠಕ್ಕಿನಲ್ಲಿ ಎಲ್ಲರ ಕೈಯೂ ಒದ್ದೆ ಸ್ಪಂಜಿನ ಕಡೆಗೆ ಹೋಗುತ್ತದೆ. ಹಿಂದೊಮ್ಮೆ ಒಂದು ಸಮಿತಿಯವರು ನೋಡಲು ಬರುತ್ತಾರೆಂದು ನಾನು ಒಂದು ತಲೆಯನ್ನು ರಾತ್ರಿಯಿಡೀ ಸ್ಪಂಜಿನಿಂದ ಒರೆಸಿ ನುಣುಪು ಮಾಡಿದೆ. ಅವರಿಗೆ ಮೆಚ್ಚುಗೆಯಾಯಿತು, ಹಣವೂ ಬಂತು. ಆ ತಲೆಯಲ್ಲಿದ್ದ ಮನುಷ್ಯರು ಮಾತ್ರ ಆ ರಾತ್ರಿಯೇ ಹೊರಟುಹೋಗಿದ್ದರು. ಸ್ಪಂಜನ್ನು ಕೆಲಸದ ಕೋಣೆಯಲ್ಲಿ ಇಡಲೇಬೇಡಿ.

ಹೋಲಿಕೆಯಿಂದ ಎಷ್ಟು ದೂರ ಹೋಗಬಹುದು

1914ರಲ್ಲಿ ಕವಿ ಎಜ್ರಾ ಪೌಂಡ್ ತಾವೇ ಅಮೃತಶಿಲೆಯ ತುಂಡನ್ನು ಕೊಂಡುಕೊಟ್ಟು, ಆಗಿನ್ನೂ ಇಪ್ಪತ್ತೆರಡು ವರ್ಷದ ಆನ್ರಿ ಗೋಡಿಯೇ-ಬ್ರೆಸ್ಕಾ ಎಂಬ ಶಿಲ್ಪಿಯಿಂದ ತಮ್ಮ ತಲೆಯನ್ನು ಕೆತ್ತಿಸಿಕೊಂಡರು. ಅದು ನಿಮ್ಮಂತೆ ಕಾಣುವುದಿಲ್ಲ ಎಂದು ಶಿಲ್ಪಿ ಮೊದಲೇ ಹೇಳಿದ್ದರು. ಅವರು ಪೌಂಡ್ ಅವರನ್ನು ನೋಡಿ ಶಾಯಿಯಲ್ಲಿ ಹಲವಾರು ಶೀಘ್ರಚಿತ್ರಗಳನ್ನು ಬರೆದುಕೊಂಡು, ಆಮೇಲೆ ಕಲ್ಲಿನಲ್ಲಿ ಅವೆಲ್ಲವನ್ನೂ ಕೆಲವೇ ಸಮತಲಗಳಿಗೆ ಇಳಿಸಿದರು. ಮೇಲೆ ಭಾರವಾದ ಕೂದಲಿನ ದಿಮ್ಮಿ, ಕೆಳಗೆ ಬೆಣೆಯಂತಹ ಗಡ್ಡ, ನಡುವೆ ಜ್ಯಾಮಿತಿಯ ಕಣ್ಣುಗಳು. ಸಹಜ ತಲೆಗಿಂತ ಬಹಳ ದೊಡ್ಡದಾದ ಆ ಕಲ್ಲು ಪ್ರಾಚೀನ ದೇವತೆಯೊಂದರ ತಲೆಯಂತೆ ನಿಂತಿದೆ. ಮರುವರ್ಷ ಜೂನ್ 5ರಂದು ಗೋಡಿಯೇ-ಬ್ರೆಸ್ಕಾ ಮಹಾಯುದ್ಧದಲ್ಲಿ ಮಡಿದರು.

ಇದನ್ನು ಹೇಳಿದ್ದು ಅದರ ಕ್ರಮಕ್ಕಾಗಿ. ಅಮೂರ್ತವು ನೋಟದ ಕೊನೆಯಲ್ಲಿ ಬಂದಿದೆ, ಮೊದಲಲ್ಲಿ ಅಲ್ಲ. ಮೊದಲು ಹತ್ತಾರು ನಿಖರವಾದ ನೋಟಗಳು, ಆಮೇಲೆ ಅವುಗಳಲ್ಲಿ ಮತ್ತೆ ಮತ್ತೆ ಬಂದ ಎರಡೋ ಮೂರೋ ಆಕಾರಗಳ ಆಯ್ಕೆ, ಅದಾದ ಮೇಲೆ ಉಳಿದವುಗಳನ್ನು ಬಿಡುವುದು. ನೀವೂ ಹಾಗೆ ಮಾಡಬಹುದು. ಮುಗಿದ ಸಹಜ ತಲೆಯ ಪಕ್ಕದಲ್ಲಿ ಅರ್ಧ ಗಾತ್ರದ ಇನ್ನೊಂದನ್ನಿಟ್ಟುಕೊಂಡು, ಅದರಲ್ಲಿ ಒಟ್ಟು ಹನ್ನೆರಡು ಸಮತಲಗಳಿಗಿಂತ ಹೆಚ್ಚಿರಬಾರದೆಂದು ನಿಮಗೆ ನೀವೇ ಕಟ್ಟು ಹಾಕಿಕೊಳ್ಳಿ. ಮರದ ಪಟ್ಟಿಯಿಂದ ಬಡಿದು ಸಮತಲಗಳನ್ನು ಮಾಡಿ. ಯಾವ ಹನ್ನೆರಡನ್ನು ಉಳಿಸಬೇಕೆಂದು ಆಯ್ದುಕೊಳ್ಳುವಾಗ ನಿಮಗೆ ಆ ಲೇಖಕರ ತಲೆ ನಿಜವಾಗಿ ಗೊತ್ತಿದೆಯೇ ಎಂಬುದು ಬಯಲಾಗುತ್ತದೆ.

ಕುಟುಂಬದವರು ಒಪ್ಪದಿರುವುದಕ್ಕೂ ಸಿದ್ಧರಾಗಿರಿ. ಬರ್ನಾರ್ಡ್ ಷಾ 1906ರಲ್ಲಿ ರೋಡ್ಯಾ ಅವರಿಗೂ 1934ರಲ್ಲಿ ಎಪ್‌ಸ್ಟೀನ್ ಅವರಿಗೂ ಕೂತಿದ್ದರು. ಎಪ್‌ಸ್ಟೀನ್ ಮಾಡಿದ ತಲೆ ಮನೆಯೊಳಗೆ ಬಂದರೆ ತಾನು ಮನೆಯಲ್ಲಿರುವುದಿಲ್ಲವೆಂದು ಷಾ ಅವರ ಪತ್ನಿ ಹಠ ಹಿಡಿದರು. ರೋಡ್ಯಾ ಅವರ ಬಾಲ್ಜಾಕ್ ಪ್ರತಿಮೆಯನ್ನು 1898ರಲ್ಲಿ ಅದನ್ನು ಮಾಡಿಸಿದ ಲೇಖಕರ ಸಂಘವೇ ತಿರಸ್ಕರಿಸಿತು. ಕಂಚಿನಲ್ಲಿ ಅದು ಪ್ಯಾರಿಸ್ಸಿನ ಬೀದಿಯಲ್ಲಿ ನಿಂತದ್ದು 1939ರಲ್ಲಿ, ಶಿಲ್ಪಿ ತೀರಿಕೊಂಡು ಎರಡು ದಶಕಗಳಾದ ಮೇಲೆ. ಮುಂಗಡ ಪಡೆಯುವ ಮೊದಲು ನಿಮ್ಮ ಹಿಂದಿನ ಕೆಲಸಗಳನ್ನು ಅವರಿಗೆ ತೋರಿಸಿ, ಇದು ಫೋಟೋದಂತಿರುವುದಿಲ್ಲ ಎಂದು ನೇರವಾಗಿ ಹೇಳುವುದು ಒಳ್ಳೆಯದು.

ಅಚ್ಚು

ಮಣ್ಣಿನ ತಲೆ ಒಣಗಿದರೆ ಬಿರಿಯುತ್ತದೆ, ಆದ್ದರಿಂದ ಒದ್ದೆಯಿರುವಾಗಲೇ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಅಚ್ಚು ತೆಗೆಯಬೇಕು. ಒಂದೇ ಪ್ರತಿ ಸಾಕಾದರೆ ಒಡೆದು ತೆಗೆಯುವ ಅಚ್ಚು ಅಗ್ಗವಾದದ್ದು ಮತ್ತು ಮೇಲ್ಮೈಯನ್ನು ಚೆನ್ನಾಗಿ ಉಳಿಸುವಂತಹದ್ದು. ತಂಪು ಪಾನೀಯದ ಹಳೆಯ ಡಬ್ಬಿಗಳನ್ನು ಕತ್ತರಿಸಿ ಎರಡು ಬೆರಳಗಲದ ತಗಡಿನ ಚೂರುಗಳನ್ನು ಮಾಡಿಕೊಂಡು, ಒಂದು ಕಿವಿಯ ಹಿಂದಿನಿಂದ ನೆತ್ತಿಯ ಮೇಲೆ ಹಾದು ಇನ್ನೊಂದು ಕಿವಿಯ ಹಿಂದಕ್ಕೆ, ಬೇಲಿಯಂತೆ ಮಣ್ಣಿನಲ್ಲಿ ಚುಚ್ಚುತ್ತಾ ಹೋಗಿ. ಇದು ಅಚ್ಚಿನ ಎರಡು ಭಾಗಗಳ ಗಡಿ.

ಪ್ಲಾಸ್ಟರನ್ನು ನೀರಿಗೆ ಉದುರಿಸಬೇಕು, ನೀರನ್ನು ಪ್ಲಾಸ್ಟರಿಗೆ ಸುರಿಯಬಾರದು. ನೀರಿನ ಮೇಲೆ ಪುಡಿ ನಡುಗಡ್ಡೆಗಳಂತೆ ನಿಲ್ಲುವವರೆಗೆ ಉದುರಿಸಿ, ಒಂದು ನಿಮಿಷ ಬಿಟ್ಟು, ಗುಳ್ಳೆ ಏಳದಂತೆ ಕೈಯಿಂದ ಕಲಕಿ. ಒಂದು ಲೀಟರ್ ನೀರಿಗೆ ಹೆಚ್ಚು ಕಡಿಮೆ ಒಂದೂವರೆ ಕಿಲೋ ಹಿಡಿಯುತ್ತದೆ. ಮೊದಲ ಪದರದ ನೀರಿಗೆ ಬಟ್ಟೆಯ ನೀಲಿಯನ್ನು ಸ್ವಲ್ಪ ಬೆರೆಸಿ, ಅದನ್ನು ತಲೆಯ ಮೇಲೆ ಕೈಯಿಂದ ಎರಚಿ, ಗುಳಿಗಳಿಗೆಲ್ಲ ಊದಿ ತಲುಪಿಸಿ, ಅರ್ಧ ಸೆಂಟಿಮೀಟರಿನಷ್ಟು ಕಟ್ಟಿ. ಅದು ಗಟ್ಟಿಯಾದ ಮೇಲೆ ಹೊರಮೈಗೆ ತೆಳುವಾಗಿ ಮಣ್ಣಿನ ನೀರು ಬಳಿದು, ಬಿಳಿಯ ಪ್ಲಾಸ್ಟರಿನ ಎರಡನೆಯ ಪದರವನ್ನು ಎರಡು ಸೆಂಟಿಮೀಟರ್ ದಪ್ಪಕ್ಕೆ ಹಾಕಿ, ಸಣ್ಣ ಕಬ್ಬಿಣದ ಕಂಬಿಗಳನ್ನು ಅದರಲ್ಲಿ ಹುದುಗಿಸಿ. ಗಡಿಯ ತಗಡುಗಳ ಅಂಚು ಹೊರಗೆ ಕಾಣುತ್ತಿರಬೇಕು.

ಮಾರನೆಯ ದಿನ ಗಡಿಯ ಸಂದಿಗೆ ನೀರು ಸುರಿಯುತ್ತಾ, ಮರದ ಬೆಣೆಗಳನ್ನು ಮೆಲ್ಲಗೆ ಬಡಿದು ಹಿಂಭಾಗವನ್ನು ಬಿಡಿಸಿ, ಮಣ್ಣನ್ನೂ ಒಳಗಂಬಿಯನ್ನೂ ಹೊರತೆಗೆಯಿರಿ. ನೀವು ಅಷ್ಟು ದಿನ ಕಟ್ಟಿದ ತಲೆ ಇಲ್ಲಿಗೆ ಇಲ್ಲವಾಗುತ್ತದೆ. ಅಚ್ಚಿನ ಒಳಗೆ ತಿರುವುಮುರುವಾಗಿ ಕಾಣುವ ಟೊಳ್ಳು ಮುಖವನ್ನು ನೋಡುವಾಗ ಎಷ್ಟು ಸಲ ಮಾಡಿದರೂ ನನಗೆ ಎದೆ ಬಡಿದುಕೊಳ್ಳುತ್ತದೆ. ಒಳಮೈಯನ್ನು ತೊಳೆದು, ಮೆದು ಸೋಪಿನ ದ್ರಾವಣವನ್ನು ಮೂರು ಸಲ ಬಳಿದು ಒರೆಸಿ, ಎರಡು ಭಾಗಗಳನ್ನು ಜೋಡಿಸಿ ಬಿಗಿದು, ಒಳಗೆ ಪ್ಲಾಸ್ಟರನ್ನು ತೆಂಗಿನ ನಾರಿನೊಡನೆ ಬೆರಳು ದಪ್ಪಕ್ಕೆ ಬಳಿಯಿರಿ. ಅದು ಗಟ್ಟಿಯಾದ ಮೇಲೆ ಮೊಂಡು ಚಾಣದಿಂದ ಹೊರಗಿನ ಅಚ್ಚನ್ನು ಚಕ್ಕೆ ಚಕ್ಕೆಯಾಗಿ ಒಡೆಯಬೇಕು. ಬಿಳಿ ಪದರವನ್ನು ಧೈರ್ಯವಾಗಿ ತೆಗೆಯಿರಿ. ನೀಲಿ ಕಂಡೊಡನೆ ಸುತ್ತಿಗೆಯ ಏಟನ್ನು ಹಗುರ ಮಾಡಿ, ಏಕೆಂದರೆ ಅದರಡಿಯಲ್ಲಿ ಮೂಗಿದೆ. ಕಿವಿಗಳನ್ನು ಕೊನೆಗೆ ಬಿಡಿ. ಉಳಿದ ಪ್ಲಾಸ್ಟರ್ ನೀರನ್ನು ಸಿಂಕಿಗೆ ಸುರಿಯಬೇಡಿ, ಕೊಳವೆಯಲ್ಲಿಯೇ ಕಲ್ಲಾಗುತ್ತದೆ.

ಕಂಚು, ಸಿಮೆಂಟು, ನಿಲ್ಲಿಸುವ ಜಾಗ

ಕಂಚಿನ ಎರಕಕ್ಕೆ ಪ್ಲಾಸ್ಟರಿನ ಪ್ರತಿಯನ್ನು ಎರಕದವರಿಗೆ ಕೊಡುತ್ತೀರಿ. ಅವರು ಅದರಿಂದ ನಾಲ್ಕೈದು ಮಿಲಿಮೀಟರ್ ದಪ್ಪದ ಮೇಣದ ತಲೆಯನ್ನು ತೆಗೆದಾಗ ನೀವು ಅಲ್ಲಿರಲೇಬೇಕು. ಮೇಣದ ಮೇಲಿನ ಗಡಿಗೆರೆಯನ್ನು ತಿದ್ದುವ ನೆಪದಲ್ಲಿ ಕೆಲಸಗಾರರು ಸುತ್ತಲಿನ ಬೆರಳೊತ್ತುಗಳನ್ನೂ ಬಿಸಿ ಕರಣೆಯಿಂದ ನಯ ಮಾಡಿಬಿಡುತ್ತಾರೆ, ಅದು ಅವರ ಒಳ್ಳೆಯ ಅಭ್ಯಾಸದ ಫಲ. ಆ ಗೆರೆಯನ್ನು ನೀವೇ ನಿಮ್ಮ ಹೆಬ್ಬೆರಳಿನಿಂದ ಮುಚ್ಚಿ. ಲೋಹ ತಣಿಯುವಾಗ ನೂರಕ್ಕೆ ಒಂದೂವರೆಯಿಂದ ಎರಡರಷ್ಟು ಕುಗ್ಗುತ್ತದೆ, ಕಪ್ಪು ಬಣ್ಣ ಅದನ್ನು ಇನ್ನೂ ಚಿಕ್ಕದಾಗಿ ತೋರಿಸುತ್ತದೆ. ಹೊರಾಂಗಣದಲ್ಲಿ ನಿಲ್ಲಬೇಕಾದ ತಲೆಯನ್ನು ಮೊದಲಿನಿಂದಲೇ ಸಹಜ ಗಾತ್ರದ ಒಂದೂಕಾಲು ಪಟ್ಟು ಮಾಡುವುದು ಕ್ಷೇಮ.

ಕಂಚಿಗೆ ಹಣವಿಲ್ಲದಿದ್ದರೆ ಬೇಸರ ಬೇಡ. ರಾಮ್‌ಕಿಂಕರ್ ಶಾಂತಿನಿಕೇತನದ ಬಯಲಿನಲ್ಲಿ ತಮ್ಮ ದೊಡ್ಡ ಶಿಲ್ಪಗಳನ್ನು ಸಿಮೆಂಟಿಗೆ ಅಲ್ಲಿಯದೇ ಕೆಂಪು ಜಂಬಿಟ್ಟಿಗೆಯ ಹರಳನ್ನು ಬೆರೆಸಿ, ಕಬ್ಬಿಣದ ಒಳಗಂಬಿಯ ಮೇಲೆ ನೇರವಾಗಿ ಎಸೆದೆಸೆದು ಕಟ್ಟಿದರು. ಕರಾವಳಿಯಲ್ಲಿ, ಮಲೆನಾಡಿನ ಅಂಚಿನಲ್ಲಿ ಜಂಬಿಟ್ಟಿಗೆ ಕಾಲಬುಡದಲ್ಲೇ ಇದೆ. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಜರಡಿ ಹಿಡಿದ ಹರಳು ಮತ್ತು ಮರಳಿನ ಮಿಶ್ರಣವನ್ನು ಅಚ್ಚಿನಲ್ಲಿ ತುಂಬಿ, ಏಳು ದಿನ ಒದ್ದೆ ಗೋಣಿ ಹೊದಿಸಿಟ್ಟರೆ, ಮಳೆಗೂ ಬಿಸಿಲಿಗೂ ಜಗ್ಗದ ತಲೆ ಸಿಗುತ್ತದೆ. ಅದಕ್ಕೆ ಬಂಗಾರದ ಬಣ್ಣ ಬಳಿಯಲು ಯಾರಿಗೂ ಬಿಡಬೇಡಿ. ಬಣ್ಣದ ಒಂದೇ ಪದರ ಎಲ್ಲ ಒತ್ತುಗಳನ್ನೂ ಮುಚ್ಚುತ್ತದೆ.

ಪೀಠದ ಎತ್ತರವು ಶಿಲ್ಪದ ಕಣ್ಣು ನೋಡುವವರ ಕಣ್ಣಿಗೆ ಸಮನಾಗಿ ಬರುವಷ್ಟಿರಲಿ. ನೆಲದಿಂದ ಕಣ್ಣಿಗೆ ಸುಮಾರು 155 ಸೆಂಟಿಮೀಟರ್ ಆದರೆ ಸರಿ. ಆಳೆತ್ತರದ ಕಟ್ಟೆಯ ಮೇಲಿಟ್ಟರೆ ಜನರಿಗೆ ಗಲ್ಲದ ಅಡಿ ಮತ್ತು ಮೂಗಿನ ಹೊಳ್ಳೆಗಳು ಮಾತ್ರ ಕಾಣುತ್ತವೆ. ಒಳಗಿಡುವುದಾದರೆ ಪಕ್ಕದ ಒಂದೇ ಕಿಟಕಿಯ ಬೆಳಕು ಬೀಳುವಂತೆ, ಗೋಡೆಯಿಂದ ಎರಡು ಹೆಜ್ಜೆ ದೂರದಲ್ಲಿ, ಹಿಂದಲೆಯನ್ನೂ ಸುತ್ತಿ ನೋಡಲಾಗುವಂತೆ ನಿಲ್ಲಿಸಿ. ಹಾರ ಹಾಕುವ ಸಂದರ್ಭ ಬಂದೇ ಬರುತ್ತದೆ. ಪೀಠದ ಮುಂದೆ ಹೂವಿಡಲು ಒಂದು ಸಣ್ಣ ಕಲ್ಲಿನ ಹಾಸನ್ನು ಮೊದಲೇ ಕೂರಿಸಿದರೆ ಹಾರ ಕತ್ತಿನ ಮೇಲೆ ಬೀಳದೆ ಅಲ್ಲಿಯೇ ಇಳಿಯುತ್ತದೆ.